ಜರ್ಮನಿಗೆ ಓದಲು ಬರುವವರಿಗೆ: ಇಲ್ಲಿ ‘ಬ್ಯಾಕ್’ಗೂ ಲೆಕ್ಕವಿದೆ

ಏಪ್ರಿಲ್, ಮೇ ಬಂತೆಂದರೆ ನಮ್ಮಲ್ಲಿ ಹೆಚ್ಚಿನವರ ಮನೆಗೆ ಊರಿನಿಂದ ಒಂದು ಫೋನ್ ಬಂದೇ ಬರುತ್ತದೆ. ಈ ಸಲ ನನಗೆ ಬಂದದ್ದು ಹಾಸನದ ಸೋದರತ್ತೆಯಿಂದ. "ಇವನ ಬಿ.ಇ. ಮುಗೀತು ಕಣೋ. ಜರ್ಮನೀಲಿ ಎಂ.ಎಸ್.ಗೆ ಫೀಸೇ ಇಲ್ವಂತೆ. ನೀನೂ ಅಲ್ಲೇ ಓದಿದ್ದಲ್ವಾ, ಸ್ವಲ್ಪ ಹೇಳಪ್ಪ." ಅವರಿಗೆ ಒಂದು ಗಂಟೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ. ನಿಮಗೆ ಇಂಥ ಫೋನ್ ಬಂದಾಗ ಫಾರ್ವರ್ಡ್ ಮಾಡಿಬಿಡಿ!

ಮೊದಲು ದುಡ್ಡು. ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ ಎನ್ನುವುದು ನಿಜ, ಸೆಮಿಸ್ಟರ್ ಶುಲ್ಕ ಕಟ್ಟಿದರೆ ಸಾಕು. ಆದರೆ ನಾನಿರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರ ಚಳಿಗಾಲದ ಸೆಮಿಸ್ಟರಿನಿಂದ ಯೂರೋಪ್ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳಿಗೆ ಸೆಮಿಸ್ಟರಿಗೆ 1,500 ಯೂರೋ ಹಾಕಿದೆ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯ 2024ರ ಚಳಿಗಾಲದಿಂದ ಸ್ನಾತಕೋತ್ತರ ಕೋರ್ಸುಗಳಿಗೆ 4,000ದಿಂದ 6,000 ಯೂರೋ ಮಾಡಿದೆ. ಇದಲ್ಲದೆ ವೀಸಾಕ್ಕೆ ಬ್ಲಾಕ್ಡ್ ಅಕೌಂಟ್‌ನಲ್ಲಿ ವರ್ಷದ ಖರ್ಚು ಮೊದಲೇ ಇಡಬೇಕು. 2024ರ ಸೆಪ್ಟೆಂಬರಿನಲ್ಲಿ ಈ ಮೊತ್ತವನ್ನು 11,904 ಯೂರೋಗೆ ಏರಿಸಿದರು. ಅರ್ಜಿ ಹಾಕುವ ಮೊದಲು ರಾಯಭಾರ ಕಚೇರಿಯ ಪುಟದಲ್ಲಿ ಇನ್ನೊಮ್ಮೆ ನೋಡಿಕೊಳ್ಳಿ. ಅದರಲ್ಲಿ ತಿಂಗಳಿಗೆ 992 ಮಾತ್ರ ಕೈಗೆ ಬರುತ್ತದೆ. ಯಾರದ್ದೋ ದುಡ್ಡು ತಂದು ತೋರಿಸಿ, ವೀಸಾ ಆದಮೇಲೆ ಹಿಂದಿರುಗಿಸುತ್ತೇವೆ ಎನ್ನುವುದು ಇಲ್ಲಿ ನಡೆಯದು. 2022ರ ನವೆಂಬರಿನಿಂದ ಭಾರತದವರಿಗೆ ಎ.ಪಿ.ಎಸ್. ಪ್ರಮಾಣಪತ್ರವೂ ಕಡ್ಡಾಯ. ಅಂಕಪಟ್ಟಿಗಳನ್ನು ಪರಿಶೀಲಿಸಿ ಕೊಡುವ ಪತ್ರ ಅದು. ಅದಕ್ಕೆ ವಾರಗಳೇ ಹಿಡಿಯಬಹುದು, ಮೊದಲೇ ಹಾಕಿಬಿಡಿ.

ಬಂದಮೇಲೆ ಮೊದಲ ತಲೆನೋವು ಮನೆ. ಮನೆಗೆ ಸೇರಿದ ಎರಡು ವಾರದೊಳಗೆ ನಗರದ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಇದಕ್ಕೆ ‘ಆನ್‌ಮೆಲ್ಡುಂಗ್’ ಎನ್ನುತ್ತಾರೆ. ಮನೆ ಮಾಲೀಕರ ಸಹಿ ಇರುವ ಪತ್ರವಿಲ್ಲದೆ ಇದು ಆಗುವುದಿಲ್ಲ. ಇದಾಗದೆ ತೆರಿಗೆ ಸಂಖ್ಯೆ, ವಾಸದ ಪರವಾನಗಿ ಎಲ್ಲ ಒಂದರ ಹಿಂದೆ ಒಂದು ನಿಂತುಹೋಗುತ್ತವೆ. ಹಾಗಾಗಿ ಮನೆ ನೋಡುವಾಗ "ಆನ್‌ಮೆಲ್ಡುಂಗ್ ಮಾಡಿಕೊಡ್ತೀರಾ?" ಎಂಬುದೇ ಮೊದಲ ಪ್ರಶ್ನೆ. ಅಡ್ಮಿಷನ್ ಪತ್ರ ಬಂದ ದಿನವೇ ಸ್ಟುಡೆಂಟನ್‌ವೆರ್ಕ್ ಹಾಸ್ಟೆಲ್‌ಗೆ ಅರ್ಜಿ ಹಾಕಿ. "ನಾನು ವಿದೇಶದಲ್ಲಿದ್ದೇನೆ, ಡಿಪಾಸಿಟ್ ಕಳಿಸಿ, ಬೀಗದಕೈ ಕೊರಿಯರ್ ಮಾಡ್ತೇನೆ" ಎಂದು ಬರೆಯುವವರು ಮೋಸಗಾರರು. ಬೆಂಗಳೂರಿನಲ್ಲಿ ಕೂತು ದುಡ್ಡು ಕಳಿಸಿ ಕೈಸುಟ್ಟುಕೊಂಡ ಹುಡುಗರನ್ನು ನಾನೇ ನೋಡಿದ್ದೇನೆ.

ಇವೆಲ್ಲ ಕಷ್ಟವಾದರೂ ಯಾರಾದರೂ ಹೇಳಿಕೊಡುತ್ತಾರೆ. ಯಾರೂ ಹೇಳದ ವಿಷಯವೆಂದರೆ ಪರೀಕ್ಷೆ.

ನಮ್ಮ ವಿ.ಟಿ.ಯು.ನಲ್ಲಿ ಒಂದು ಪೇಪರ್ ಹೋದರೆ ‘ಬ್ಯಾಕ್’ ಉಳಿಯಿತು ಅನ್ನುತ್ತೇವೆ, ಮುಂದಿನ ಸಲ ಫೀಸು ಕಟ್ಟಿ ಮತ್ತೆ ಬರೆಯುತ್ತೇವೆ. ಇಲ್ಲಿ ಒಂದು ವಿಷಯಕ್ಕೆ ಸಾಮಾನ್ಯವಾಗಿ ಎರಡೋ ಮೂರೋ ಅವಕಾಶ. ಕಡ್ಡಾಯ ವಿಷಯವೊಂದರಲ್ಲಿ ಕೊನೆಯದೂ ಹೋಯಿತೆಂದರೆ ವಿಶ್ವವಿದ್ಯಾಲಯದಿಂದಲೇ ಹೆಸರು ತೆಗೆಯುತ್ತಾರೆ. ಅದೇ ಕೋರ್ಸಿಗೆ ಜರ್ಮನಿಯ ಬೇರೆ ಕಡೆಯೂ ಸಾಮಾನ್ಯವಾಗಿ ಸೇರಿಸಿಕೊಳ್ಳುವುದಿಲ್ಲ. ಓದಲೆಂದು ಕೊಟ್ಟ ವಾಸದ ಪರವಾನಗಿಗೂ ಕುತ್ತು.

ನನಗೆ ಇದು ತಿಳಿದದ್ದು ಎರಡು ಸಲ ಬಿದ್ದಮೇಲೆ. ಇಂಟರ್ನಲ್ಸ್ ಇಲ್ಲ, ಹಾಜರಿ ಕೇಳುವವರಿಲ್ಲ. ಹತ್ತು ಗಂಟೆ ಕ್ಲಾಸ್ ಪಕ್ಕದಲ್ಲಿ ‘ಸಿ.ಟಿ.’ ಎಂದಿದ್ದರೆ ಶುರುವಾಗುವುದು ಹತ್ತೂಕಾಲಿಗೆ! ಆರಾಮಾಗಿದ್ದೆ. ಸಿಗ್ನಲ್ ಪ್ರಾಸೆಸಿಂಗ್ ಪರೀಕ್ಷೆಗೆ, ಪೇಪರ್ ಹೇಗಿರುತ್ತೆ ನೋಡೋಣ ಎಂದು ಹೋದೆ. 5.0 ಬಂತು. ಇಲ್ಲಿ 1.0 ಅತ್ಯುತ್ತಮ, 4.0 ಪಾಸು, 5.0 ಎಂದರೆ ಫೇಲು. ಎರಡನೇ ಸಲ ಪರೀಕ್ಷೆಯ ದಿನ ಬೆಳಗ್ಗೆ ಜ್ವರ. ಊರಿಂದ ತಂದ ಮಾತ್ರೆ ನುಂಗಿ, ಪ್ರೊಫೆಸರ್‌ಗೆ ವಿನಯವಾಗಿ ಒಂದು ಮೇಲ್ ಬರೆದು ಮಲಗಿದೆ. ವೈದ್ಯರ ಪತ್ರ ತರಲಿಲ್ಲ. ಮತ್ತೆ 5.0. ಪರೀಕ್ಷೆಗೆ ಹೆಸರು ಕೊಟ್ಟು, ಕಾರಣದ ಪತ್ರವಿಲ್ಲದೆ ಬಾರದಿದ್ದರೆ ಬರೆದು ಬಿದ್ದ ಹಾಗೇ ಲೆಕ್ಕ.

ಆ ಆರು ತಿಂಗಳು ನೆನೆದರೆ ಈಗಲೂ ಹೊಟ್ಟೆ ತೊಳೆಸುತ್ತದೆ. ಅಪ್ಪ ಬ್ಯಾಂಕಿನಲ್ಲಿ ಮನೆಪತ್ರ ಇಟ್ಟು ಸಾಲ ತೆಗೆದಿದ್ದರು. ಪ್ರತಿ ಭಾನುವಾರ "ಎಲ್ಲಾ ಚೆನ್ನಾಗಿದೆಯಪ್ಪ" ಎನ್ನುತ್ತಿದ್ದೆ. ಕೊನೆಗೆ ಜೊತೆಯ ಜರ್ಮನ್ ಹುಡುಗನೊಬ್ಬ ವಿದ್ಯಾರ್ಥಿ ಸಂಘಕ್ಕೆ ಕರೆದುಕೊಂಡು ಹೋದ. ಅಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳ ರಾಶಿಯೇ ಇತ್ತು. ಪ್ರೊಫೆಸರ್‌ರ ಸಹಾಯಕರು ವಾರಕ್ಕೊಂದು ಗಂಟೆ ಬಾಗಿಲು ತೆರೆದಿಟ್ಟುಕೊಂಡು ಕೂತಿರುತ್ತಿದ್ದರು, ಹೋಗುವವರೇ ಇರಲಿಲ್ಲ. ನಾನು ಪ್ರತಿ ವಾರ ಹೋದೆ. ಮೂರನೇ ಸಲ 3.7 ಬಂತು. ಆ ಅಂಕಕ್ಕೆ ಸ್ವೀಟ್ ಹಂಚಿದವನು ನಾನೊಬ್ಬನೇ ಇರಬೇಕು.

ಆದ್ದರಿಂದ ಅತ್ತೆಯ ಮಗನಿಗೆ ಹೇಳಿದ್ದಿಷ್ಟು. ನಿನ್ನ ಕೋರ್ಸಿನ ಪರೀಕ್ಷಾ ನಿಯಮಾವಳಿಯನ್ನು ಮೊದಲ ವಾರವೇ ಓದು. ಜರ್ಮನ್‌ನಲ್ಲಿದ್ದರೆ ಯಾರ ಕೈಲಾದರೂ ಓದಿಸು. ಎಷ್ಟು ಅವಕಾಶ, ಹೆಸರು ವಾಪಸ್ ತೆಗೆಯಲು ಕೊನೆಯ ದಿನ ಯಾವುದು, ಬರೆದಿಟ್ಟುಕೋ. ತಯಾರಿಲ್ಲದಿದ್ದರೆ ಆ ದಿನದೊಳಗೆ ಹೆಸರು ತೆಗೆ. ಹುಷಾರಿಲ್ಲದಿದ್ದರೆ ಅಂದೇ ವೈದ್ಯರ ಬಳಿ ಹೋಗಿ ಪತ್ರವನ್ನು ಪರೀಕ್ಷಾ ಕಚೇರಿಗೆ ಮುಟ್ಟಿಸು.

ಪಾರ್ಟ್‌ಟೈಮ್ ಕೆಲಸ ಮಾಡಬಹುದು. 2024ರ ಮಾರ್ಚ್‌ನಿಂದ ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ. ಮೊದಲ ಸೆಮಿಸ್ಟರಿನಲ್ಲಿ ಬೇಡ ಎನ್ನುವುದು ನನ್ನ ಅಭಿಪ್ರಾಯ. ಅತ್ತೆಗೆ ಇದು ಇಷ್ಟವಾಗಲಿಲ್ಲ, "ಸಾಲದ ಬಡ್ಡಿ ಯಾರು ಕಟ್ತಾರೆ?" ಎಂದರು. ಅವರ ಮಾತೂ ಸುಳ್ಳಲ್ಲ. ಕೊನೆಗೆ, ಮೊದಲ ಪರೀಕ್ಷೆಗಳು ಮುಗಿಯುವ ತನಕ ಬಡ್ಡಿ ತಾವೇ ಕಟ್ಟುವುದಾಗಿ ಒಪ್ಪಿದರು.

ಆಮೇಲೆ ಕುಕ್ಕರ್ ವಿಷಯ ಬಂತು. ತರಲಿ, ಆದರೆ ಇಂಡಕ್ಷನ್ ಒಲೆಗೂ ಆಗುವ ಚಪ್ಪಟೆ ತಳದ್ದು, ಜೊತೆಗೆ ಎರಡು ಗ್ಯಾಸ್ಕೆಟ್.