ಮನೆಗೊಪ್ಪುವ ತಾಳೆಗಳೂ ಎಲೆಗಿಡಗಳೂ

ಕುಂಡದಲ್ಲಿ ಮೊಳದುದ್ದ ನಿಂತಿರುವಾಗ ತಾಳೆಯ ಜಾತಿಯ ಸಸಿಗಳೆಲ್ಲವೂ ಹೆಚ್ಚು ಕಡಮೆ ಒಂದೇ ಬಗೆಯಾಗಿ ಅಂದವಾಗಿ ಕಾಣುವುವು. ಆದರೆ ಅವುಗಳಲ್ಲಿ ಒಂದು ಮನೆಯ ಮಾಡನ್ನು ಮೀರಿ ಬೆಳೆಯುವುದು. ಇನ್ನೊಂದು ಆಳೆತ್ತರಕ್ಕೆ ನಿಲ್ಲುವುದು. ಈ ಭೇದವನ್ನು ಕೊಳ್ಳುವ ಮೊದಲೇ ವಿಚಾರಿಸಬೇಕಾದುದಕ್ಕೆ ಕಾರಣವು ತಾಳೆಯ ಮೈಕಟ್ಟಿನಲ್ಲಿಯೇ ಇದೆ.

ಮಾವು, ಹೊಂಗೆಗಳು ಅತಿಯಾಗಿ ಬೆಳೆದರೆ ಕೊಂಬೆಗಳನ್ನು ಸವರಿ ತಗ್ಗಿಸಬಹುದು. ತಾಳೆಗಳಲ್ಲಾದರೋ ಸಾಮಾನ್ಯವಾಗಿ ಕಾಂಡವೊಂದಕ್ಕೆ ಸುಳಿಯೊಂದೇ. ಅದನ್ನು ಕತ್ತರಿಸಿದರೆ ಕಾಂಡವೇ ಸಾಯುವುದು. ತೆಂಗು ಅಡಕೆಗಳ ನಾಡಿನವರಾದ ನಮಗೆ ಇದು ಹೊಸ ಮಾತಲ್ಲ. ಆದರೂ ಪರದೇಶದ ತಾಳೆಯನ್ನು ಅಂಗಳಕ್ಕೆ ತರುವಾಗ ಮರೆತುಬಿಡುತ್ತೇವೆ. ಕ್ಯೂಬಾ ದ್ವೀಪದ ರಾಜತಾಳೆಯು 60-70 ಅಡಿ ಬೆಳೆಯತಕ್ಕದ್ದು. ಹತ್ತಡಿಯಷ್ಟು ಉದ್ದದ ಭಾರವಾದ ಗರಿಯು ಒಣಗಿ ತಾನಾಗಿಯೇ ಕಳಚಿ ಬೀಳುವುದು. ವಿಶಾಲವಾದ ಉದ್ಯಾನಕ್ಕೆ ಅದು ಭೂಷಣವೇ ಸರಿ. 30 ಅಡಿ ಅಗಲ, 40 ಅಡಿ ಉದ್ದದ ನಿವೇಶನದಲ್ಲಿ, ಅದೂ ಮಕ್ಕಳಾಡುವ ಬಾಗಿಲ ಮುಂದೆ, ಅದನ್ನು ನೆಡುವುದು ಅವಿವೇಕ. ಬೆಂಗಳೂರಿನವರು ಲಾಲ್‌ಬಾಗಿನಲ್ಲಿ ಬೆಳೆದು ನಿಂತ ತಾಳೆಗಳನ್ನು ಒಮ್ಮೆ ಕಣ್ಣಾರೆ ನೋಡಿ ಬಂದು ಸಸಿಯನ್ನು ಕೊಂಡರೆ ಒಳ್ಳೆಯದು.

ನಮ್ಮ ಮಲೆನಾಡಿನ ಬೈನೆಯ ಎಲೆ ಮೀನಿನ ಬಾಲದಂತಿದ್ದು ಬಹು ಮನೋಹರ. ಆದರೆ ಅದು ಮೇಲಿನಿಂದ ಕೆಳಕ್ಕೆ ಒಂದಾದಮೇಲೊಂದರಂತೆ ಹೊಂಬಾಳೆಗಳನ್ನು ಬಿಟ್ಟು, ಕಡೆಗೆ ಸತ್ತುಹೋಗುವುದು. ಅದರ ಹಣ್ಣಿನ ರಸ ತಗುಲಿದರೆ ಮೈ ತುರಿಸುವುದು.

ಚಿಕ್ಕ ಮನೆಗೆ ಒಪ್ಪುವುದು ಅರೆಕಾ ಪಾಮ್ ಎಂದು ಮಾರುವ ಗಿಡ. ಹೆಸರು ಮೋಸಗೊಳಿಸುವಂಥದು; ಇದು ನಮ್ಮ ಅಡಕೆಯಲ್ಲ, ಮಡಗಾಸ್ಕರ್ ದ್ವೀಪದ್ದು. ಬುಡದಿಂದ ಹಲವು ಕಾಂಡಗಳು ಹೊರಡುವುದರಿಂದ ಹಳೆಯದೊಂದನ್ನು ತೆಗೆದರೂ ಗಿಡ ಉಳಿಯುವುದು. ಬಿಸಿಲು ಸೋಸಿ ಬೀಳುವ ಜಗಲಿ ಇದಕ್ಕೆ ಹಿತ. ಬೆಳಕು ಇನ್ನೂ ಕಡಮೆಯಾದಲ್ಲಿ, ಬೆರಳು ಬಿಡಿಸಿದಂತೆ ಎಲೆಗಳುಳ್ಳ ರಾಪಿಸ್ ಎಂಬುದು ನಿಧಾನವಾಗಿ ಬೆಳೆದುಕೊಂಡಿರುವುದು.

ಎಲೆಗಿಡಗಳಲ್ಲಿ ಬೆಳಕೇ ಮುಖ್ಯವಾದ ವಿಚಾರ. ಕ್ರೋಟನ್ನಿನ ಕೆಂಪು ಹಳದಿಗಳು ಬಿಸಿಲಿನ ಕೊಡುಗೆ. ಕತ್ತಲೆಯ ಪಡಸಾಲೆಯಲ್ಲಿ ಬಣ್ಣ ಮಾಸಿ ಎಲೆ ಉದುರುವುದು. ನೆರಳಿಗೆ ಅಗ್ಲೋನೀಮ, ಡೀಫನ್‌ಬಾಕಿಯಗಳು ಸರಿಯೆನ್ನುವರು. ಇವೆರಡೂ ಕೆಸುವಿನ ಕುಟುಂಬದವು. ಹಸಿಯ ಕೆಸು ಗಂಟಲನ್ನು ಕೆರೆಯುವುದು ಅದರಲ್ಲಿರುವ ಸೂಜಿಯಂತಹ ಕ್ಯಾಲ್ಸಿಯಂ ಆಕ್ಸಲೇಟಿನ ಹರಳುಗಳಿಂದ. ಡೀಫನ್‌ಬಾಕಿಯದಲ್ಲಿ ಈ ದೋಷ ಪ್ರಬಲ. ಎಲೆಯನ್ನಾಗಲಿ ದಂಟನ್ನಾಗಲಿ ಅಗಿದರೆ ನಾಲಗೆ ಊದಿಕೊಂಡು ಮಾತೇ ನಿಂತುಹೋಗಬಹುದು. ಅಂಬೆಗಾಲಿಡುವ ಮಗುವಿರುವ ಮನೆಗೆ ಇದು ಬೇಡ. ನೆರಳಿನಲ್ಲಿ ಏನಾದರೂ ಇಡಲೇಬೇಕೆಂದರೆ ರಾಪಿಸ್ ಸಾಕು.

ನೀರಿನ ವಿಷಯದಲ್ಲಿ ಒಂದೇ ಮಾತು. ಮನೆಯೊಳಗಿನ ಗಿಡಕ್ಕೆ ಬಿಸಿಲು ಗಾಳಿ ಕಡಮೆಯಾದುದರಿಂದ ಅದು ನೀರನ್ನೂ ನಿಧಾನವಾಗಿ ಹೀರುವುದು. ಬೆರಳಿಟ್ಟು ನೋಡಿ, ಮೇಲಿನ ಮಣ್ಣು ಒಣಗಿದ್ದರೆ ಮಾತ್ರ ಹಾಕತಕ್ಕದ್ದು. ಕುಂಡದ ಕೆಳಗಣ ತಟ್ಟೆಯಲ್ಲಿ ನಿಂತುದನ್ನು ಚೆಲ್ಲದಿದ್ದರೆ ಬೇರು ಕೊಳೆಯುವುದಲ್ಲದೆ ಸೊಳ್ಳೆಗಳೂ ಹುಟ್ಟಿಕೊಳ್ಳುವುವು.