ಸೊಳ್ಳೆಯ ಮೂಗು

ಸೊಳ್ಳೆಯನ್ನು ಓಡಿಸುವ ಕಲೆ ಸೊಳ್ಳೆಯಷ್ಟು ಹಳೆಯದಲ್ಲದಿದ್ದರೂ ಮನೆಯಷ್ಟು ಹಳೆಯದು. ನಮ್ಮ ಕಡೆಯ ಹಳ್ಳಿಗಳಲ್ಲಿ ದೀಪ ಹಚ್ಚುವ ಹೊತ್ತಿಗೆ ಬೇವಿನ ಸೊಪ್ಪನ್ನೋ ಲಕ್ಕಿಯ ಸೊಪ್ಪನ್ನೋ ಕೆಂಡದ ಮೇಲೆ ಹಾಕಿ ಕೊಟ್ಟಿಗೆಯಲ್ಲಿ ಹೊಗೆಯೆಬ್ಬಿಸುವುದನ್ನು ನಾನು ಬಾಲ್ಯದಿಂದಲೂ ನೋಡಿದ್ದೇನೆ. ಹೊಗೆ ಹರಡಿದಂತೆ ಸೊಳ್ಳೆ ದೂರವಾಗುತ್ತದೆ. ದನಕ್ಕೂ ಜನಕ್ಕೂ ನೆಮ್ಮದಿಯಾಗುತ್ತದೆ. ಏಕೆ ದೂರವಾಗುತ್ತದೆಂಬ ಪ್ರಶ್ನೆ ಯಾರನ್ನೂ ಕಾಡಿದುದಿಲ್ಲ.

ವಿಜ್ಞಾನವೂ ಬಹುಕಾಲ ಈ ಪ್ರಶ್ನೆಯನ್ನು ಬದಿಗಿಟ್ಟೇ ನಡೆಯಿತೆಂದರೆ ವಾಚಕರಿಗೆ ಆಶ್ಚರ್ಯವಾಗಬಹುದು. ಇಂದು ಜಗತ್ಪ್ರಸಿದ್ಧವಾಗಿರುವ ‘ಡೀಟ್’ ಎಂಬ ಸೊಳ್ಳೆನಿವಾರಕವು ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕೃಷಿ ಇಲಾಖೆಯ ಪ್ರಯೋಗಶಾಲೆಯಲ್ಲಿ ಹುಟ್ಟಿದುದು. 1946ರಲ್ಲಿ ಅದು ಸೈನ್ಯದ ಬಳಕೆಗೆ ಬಂದಿತು. 1957ರಲ್ಲಿ ಜನಸಾಮಾನ್ಯರ ಕೈಗೂ ದೊರೆಯಿತು. ಸಾವಿರಾರು ರಾಸಾಯನಿಕಗಳನ್ನು ಒಂದೊಂದಾಗಿ ಪರೀಕ್ಷಿಸಿ, ಸೊಳ್ಳೆ ಯಾವುದರಿಂದ ಹಿಮ್ಮೆಟ್ಟುವುದೋ ಅದನ್ನು ಆರಿಸಿಕೊಳ್ಳುವುದು ಅಂದಿನ ಪದ್ಧತಿ. ಮದ್ದು ಸಿಕ್ಕಿತು, ಕಾರಣ ಸಿಗಲಿಲ್ಲ. ಕಾರಣ ತಿಳಿಯದ ಮದ್ದನ್ನು ಉತ್ತಮಪಡಿಸುವುದಾದರೂ ಹೇಗೆ? ಡೀಟ್ ಕೆಲವು ಗಂಟೆ ಮಾತ್ರ ಕಾಯುತ್ತದೆ, ಮತ್ತೆ ಮತ್ತೆ ಹಚ್ಚಿಕೊಳ್ಳಬೇಕು. ಕೆಲವು ಬಗೆಯ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಪ್ರವಾಸಿಗೆ ಇದು ಸಣ್ಣ ತೊಂದರೆ; ಬಡವನಿಗೆ ದಿನವೂ ತೆರಬೇಕಾದ ಬೆಲೆ. 2023ರ ಒಂದೇ ವರ್ಷದಲ್ಲಿ ಮಲೇರಿಯಾ ಸುಮಾರು 5,97,000 ಜನರನ್ನು ಬಲಿ ತೆಗೆದುಕೊಂಡಿತೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರಲ್ಲಿ ಹೆಚ್ಚಿನವರು ಆಫ್ರಿಕದ ಐದು ವರ್ಷದೊಳಗಿನ ಮಕ್ಕಳು. ಆ ಮಕ್ಕಳ ತಾಯಂದಿರಿಗೆ ಕೊಳ್ಳಲಾಗದ ಮದ್ದು ಎಷ್ಟು ಗುಣಕಾರಿಯಾದರೇನು?

ಹೊಸ ಶತಮಾನದಲ್ಲಿ ಪ್ರಶ್ನೆಯೇ ಬದಲಾಯಿತು. ‘ಸೊಳ್ಳೆಯನ್ನು ಯಾವುದರಿಂದ ಓಡಿಸೋಣ?’ ಎನ್ನುವುದರ ಬದಲು ‘ಸೊಳ್ಳೆ ನಮ್ಮನ್ನು ಹೇಗೆ ಗುರುತಿಸುತ್ತದೆ?’ ಎಂದು ವಿಜ್ಞಾನಿಗಳು ಕೇಳತೊಡಗಿದರು. ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆಯ ಒಂದು ಜಾತಿಯ ವಂಶವಾಹಿಗಳ ಸಮಗ್ರ ಲಿಪಿ 2002ರಲ್ಲಿಯೂ, ಡೆಂಗ್ಯೂ ಹರಡುವ ಏಡಿಸ್ ಈಜಿಪ್ಟೈ ಸೊಳ್ಳೆಯದು 2007ರಲ್ಲಿಯೂ ಪ್ರಕಟವಾದುವು. ಕಚ್ಚುವುದು ಹೆಣ್ಣು ಮಾತ್ರ. ಮೊಟ್ಟೆಗಳಿಗೆ ಬೇಕಾದ ಪೋಷಣೆ ಅದಕ್ಕೆ ರಕ್ತದಿಂದ ದೊರೆಯಬೇಕು. ಅದರ ಮೂಗು ಇರುವುದು ಮುಖ್ಯವಾಗಿ ಕುಡಿಮೀಸೆಗಳಲ್ಲಿ. ಅಲ್ಲಿನ ನರಕೋಶಗಳ ಮೇಲೆ ವಾಸನೆಯ ಕಣಗಳನ್ನು ಹಿಡಿಯುವ ಗ್ರಾಹಕಗಳಿವೆ. ಒಂದೊಂದು ಗ್ರಾಹಕವನ್ನು ರೂಪಿಸುವುದಕ್ಕೂ ಒಂದೊಂದು ವಂಶವಾಹಿ. ಆ ವಂಶವಾಹಿಯನ್ನು ಕೆಡಿಸಿ, ಸೊಳ್ಳೆ ಯಾವುದನ್ನು ಮರೆಯಿತೆಂದು ನೋಡಿದರೆ ಅದರ ಕೆಲಸ ತಿಳಿಯುತ್ತದೆ.

ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದಲ್ಲಿ ಲೆಸ್ಲಿ ವೋಸ್‌ಹಾಲ್ ಮತ್ತು ಅವರ ಸಂಗಡಿಗರು ‘ಆರ್ಕೊ’ ಎಂಬ ವಂಶವಾಹಿಯನ್ನು ಹೀಗೆ ಕೆಡಿಸಿ, ಫಲಿತಾಂಶವನ್ನು 2013ರಲ್ಲಿ ಪ್ರಕಟಿಸಿದರು. ಆರ್ಕೊ ಇಲ್ಲದ ಸೊಳ್ಳೆಗೆ ಮನುಷ್ಯನ ಮೇಲಿನ ವಿಶೇಷ ಒಲವು ಹೋಗಿತ್ತು. ಡೀಟ್ ಹಚ್ಚಿದ ಕೈಯ ಬಳಿಗೂ ಅದು ಅಂಜದೆ ಬಂದಿತು. ಆದರೆ ಕೈಮೇಲೆ ಕುಳಿತೊಡನೆ ಹಾರಿಹೋಯಿತು! ಹಾಗಾದರೆ ಡೀಟಿಗೆ ಎರಡು ಬಗೆಯ ಶಕ್ತಿ: ದೂರದಿಂದ ವಾಸನೆ, ಹತ್ತಿರದಲ್ಲಿ ಸ್ಪರ್ಶ. ಆ ಸ್ಪರ್ಶವನ್ನು ಸೊಳ್ಳೆ ಅರಿಯುವುದು ತನ್ನ ಕಾಲುಗಳಿಂದ ಎಂಬುದು 2019ರಲ್ಲಿ ಸ್ಪಷ್ಟವಾಯಿತು.

ಆದರೆ ಒಂದು ಬಾಗಿಲನ್ನು ಮುಚ್ಚಿದಾಗಲೆಲ್ಲ ಮತ್ತೊಂದು ತೆರೆದೇ ಇರುವುದು ಕಂಡುಬಂದಿತು. ನಮ್ಮ ಉಸಿರಿನ ಇಂಗಾಲದ ಡೈಆಕ್ಸೈಡನ್ನು ಅರಿಯುವ ವಂಶವಾಹಿಯನ್ನು ಕೆಡಿಸಿದರೂ ಸೊಳ್ಳೆ ಬೆವರಿನ ವಾಸನೆಯನ್ನೂ ಮೈಯ ಬಿಸುಪನ್ನೂ ಹಿಡಿದು ಬಂದಿತು. ಬೆವರಿನ ಲ್ಯಾಕ್ಟಿಕ್ ಆಮ್ಲವನ್ನು ಅರಿಯುವ ವಂಶವಾಹಿಯನ್ನು ಕೆಡಿಸಿದಾಗ ಆಕರ್ಷಣೆ ಬಹಳ ಕುಗ್ಗಿತೇ ಹೊರತು ಅಳಿಯಲಿಲ್ಲ. ಒಂದೊಂದು ನರಕೋಶದಲ್ಲಿಯೂ ಹಲವು ಬಗೆಯ ಗ್ರಾಹಕಗಳು ಒಟ್ಟಿಗಿರುವುದು 2022ರಲ್ಲಿ ಬೆಳಕಿಗೆ ಬಂದಾಗ ಈ ಹಠದ ಗುಟ್ಟು ಸ್ವಲ್ಪ ಬಯಲಾಯಿತು.

ಸೊಳ್ಳೆ ಹೆಚ್ಚಾಗಿ ಕಚ್ಚುವವರನ್ನು ಕುರಿತು ‘ನಿನ್ನ ರಕ್ತ ಸಿಹಿ’ ಎಂದು ನಮ್ಮಲ್ಲಿ ಹಾಸ್ಯ ಮಾಡುವುದುಂಟು. ಅದೇ ವರ್ಷ ಪ್ರಕಟವಾದ ಇನ್ನೊಂದು ಸಂಶೋಧನೆಯಲ್ಲಿ, ಬೇರೆ ಬೇರೆ ಜನರು ತೋಳಿಗೆ ತೊಟ್ಟಿದ್ದ ನೈಲಾನ್ ಬಟ್ಟೆಗಳನ್ನು ಸೊಳ್ಳೆಗಳ ಮುಂದಿರಿಸಲಾಯಿತು. ಸೊಳ್ಳೆಗಳು ಮತ್ತೆ ಮತ್ತೆ ಕೆಲವರನ್ನೇ ಆರಿಸಿಕೊಂಡುವು. ಆ ಕೆಲವರ ಚರ್ಮದ ಮೇಲೆ ಕಾರ್ಬಾಕ್ಸಿಲಿಕ್ ಆಮ್ಲಗಳು ಹೆಚ್ಚಾಗಿದ್ದುವು. ಸಿಹಿ ರಕ್ತದಲ್ಲಿಲ್ಲ, ಆಮಂತ್ರಣ ಚರ್ಮದಲ್ಲಿದೆ.

ನಮ್ಮ ಮೇಲೆ ಈ ಜೀವಿಗೆ ಇಷ್ಟೊಂದು ಅಕ್ಕರೆ ಹುಟ್ಟಿದುದೇಕೆ? ಕೆನ್ಯಾದ ಕರಾವಳಿಯ ರಬಾಯಿ ಎಂಬಲ್ಲಿ ಏಡಿಸ್ ಸೊಳ್ಳೆಯ ಎರಡು ಬಗೆಗಳಿದ್ದುವು: ಕಾಡಿನಲ್ಲಿದ್ದುದು ಪ್ರಾಣಿಗಳನ್ನು ಬಯಸುತ್ತಿತ್ತು, ಮನೆಯೊಳಗೆ ಸೇರಿದುದು ಮನುಷ್ಯನನ್ನು. ಮನುಷ್ಯನ ಮೈವಾಸನೆಯಲ್ಲಿರುವ ಸಲ್ಕಟೋನನ್ನು ಅರಿಯುವ ಗ್ರಾಹಕವು ಮನೆಯ ಸೊಳ್ಳೆಯಲ್ಲಿ ಹೆಚ್ಚು ಚುರುಕಾಗಿತ್ತೆಂದು ಕ್ಯಾರೊಲಿನ್ ಮೆಕ್‌ಬ್ರೈಡ್ ಮತ್ತು ಸಂಗಡಿಗರು 2014ರಲ್ಲಿ ತೋರಿಸಿದರು. ಬೇಸಗೆ ದೀರ್ಘವಾಗಿ ಕಾಡಿನ ನೀರು ಬತ್ತುವಲ್ಲಿ, ಜನರು ನೀರನ್ನು ಕೂಡಿಟ್ಟುಕೊಳ್ಳುವಲ್ಲಿ, ಸೊಳ್ಳೆ ನಮ್ಮ ನೀರಿಗಾಗಿ ಬಂದು ನಮ್ಮ ಮೈಯನ್ನೂ ಮೆಚ್ಚಿಕೊಂಡಿತೆಂಬುದು ಅವರ ಊಹೆ. ನೀರಿನ ಈ ಮಹತ್ವವನ್ನು ವಂಶವಾಹಿಯ ಹೆಸರೇ ಇಲ್ಲದ ಕಾಲದಲ್ಲಿ ಒಬ್ಬನು ಕಂಡಿದ್ದನು. ಅದೂ ನಮ್ಮ ಬೆಂಗಳೂರಿನಲ್ಲಿ. 1883ರಲ್ಲಿ ಇಲ್ಲಿ ಸೈನ್ಯದ ವೈದ್ಯನಾಗಿದ್ದ ರೊನಾಲ್ಡ್ ರಾಸ್, ನಿಂತ ನೀರು ಸೊಳ್ಳೆಗೆ ದೊರೆಯದಂತೆ ಮಾಡಿದರೆ ಅದರ ಕಾಟ ತಗ್ಗುವುದೆಂದು ಮನಗಂಡನು. ಮಲೇರಿಯಾಕ್ಕೂ ಸೊಳ್ಳೆಗೂ ಇರುವ ನಂಟನ್ನು ಅವನು ಸಿಕಂದರಾಬಾದಿನಲ್ಲಿ ಕಂಡುಹಿಡಿದುದು ಆಮೇಲೆ, 1897ರಲ್ಲಿ.

ಇಷ್ಟೆಲ್ಲ ತಿಳಿವಳಿಕೆಯಿಂದ ಉತ್ತಮವಾದ ನಿವಾರಕ ದೊರೆತೀತೇ? ದಾರಿಯೊಂದು ಕಾಣುತ್ತಿದೆ. ಸೇವಂತಿಗೆಯ ಬಳಗದ ಪೈರೆತ್ರಮ್ ಹೂವಿನ ಪುಡಿಯಿಂದಲೇ ಮೊದಲ ಸೊಳ್ಳೆಬತ್ತಿಗಳು ತಯಾರಾದುವು. ಅದರ ವಿಷಶಕ್ತಿ ಗೊತ್ತಿತ್ತು. ಸೊಳ್ಳೆಯನ್ನು ದೂರವಿಡುವ ಶಕ್ತಿಯ ಮೂಲ 2021ರಲ್ಲಿ ತಿಳಿಯಿತು. ಹೂವಿನಲ್ಲಿ ಅತ್ಯಲ್ಪವಾಗಿರುವ ಒಂದು ಪರಿಮಳದ್ರವ್ಯ ಸೊಳ್ಳೆಯ ನಿರ್ದಿಷ್ಟ ಗ್ರಾಹಕವೊಂದನ್ನು ಕೆರಳಿಸಿದರೆ, ಹೂವಿನ ಮುಖ್ಯ ದ್ರವ್ಯವು ನರಕ್ಕೇ ಕೈಹಾಕಿ ಆ ಕೆರಳಿಕೆಯನ್ನು ಬಲಪಡಿಸುತ್ತದೆ. ಹಲವು ಬಾಗಿಲುಗಳ ಮನೆಗೆ ಒಂದೇ ಬೀಗ ಸಾಲದೆಂಬುದನ್ನು ಹೂವು ನಮಗಿಂತ ಮೊದಲೇ ಅರಿತಿತ್ತು.

ಮುಂದಿನ ನಿವಾರಕವು ಹೀಗೆ ಒಂದಕ್ಕಿಂತ ಹೆಚ್ಚು ಗುರಿಗಳನ್ನು ತಿಳಿದು ಹೂಡಿದ ಬಾಣವಾಗಬೇಕು. ಬಹುಕಾಲ ನಿಲ್ಲಬೇಕು, ಮಕ್ಕಳ ಮೈಗೆ ಹಿತವಾಗಿರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಅಗ್ಗವಾಗಿರಬೇಕು. ಮೊದಲ ಮೂರನ್ನು ಪ್ರಯೋಗಶಾಲೆ ಸಾಧಿಸಬಲ್ಲುದು. ನಾಲ್ಕನೆಯದನ್ನು ಯಾವ ವಂಶವಾಹಿಯಲ್ಲಿಯೂ ಹುಡುಕಲಾಗದು. ಅದು ಮನುಷ್ಯರಾದ ನಾವು ತೀರ್ಮಾನಿಸಬೇಕಾದ ಮಾತು.