ಹೂವು ಮುಗಿದ ಮೇಲೆ ಸೊಗಸು

ಕಾಫಿ ಕೊಯ್ಲಿನ ಗಡಿಬಿಡಿ ಮುಗಿಯುತ್ತ ಬರುವ ಹೊತ್ತಿಗೆ ಬಾಬಾಬುಡನ್ ಗಿರಿಯ ಅತ್ತಿಗುಂಡಿಯಲ್ಲಿ ಬೇಲಿಗಳಿಗೆ ನರೆ ಬರುತ್ತದೆ. ತಂತಿಯ ಮೇಲೆ, ಲಂಟಾನದ ಮೆಳೆಯ ನೆತ್ತಿಯ ಮೇಲೆ ಬೆಳ್ಳನೆಯ ನವಿರು ಉಂಡೆಗಳು. ಹೊನ್ನಮ್ಮನ ಹಳ್ಳದ ಎದುರು ಫೋಟೊಗೆಂದು ನಿಲ್ಲುವ ಗಾಡಿಗಳು ಈ ಬೇಲಿಯನ್ನು ಮಾತ್ರ ಸುಮ್ಮನೆ ದಾಟಿಹೋಗುತ್ತವೆ.

ಈ ನರೆ ಹೊತ್ತ ಬಳ್ಳಿ ಕ್ಲೆಮ್ಯಾಟಿಸ್ ಗೌರಿಯಾನಾ. ಹೆಸರು ಕೇಳಿ ಗೌರಿಹಬ್ಬ ನೆನಪಾದೀತು. ಆದರೆ ಇದು ಬಂಗಾಳದ ಹಾಳುಬಿದ್ದ ರಾಜಧಾನಿ ಗೌಡದ ನೆನಪು. 1793ರಿಂದ ಕಲ್ಕತ್ತೆಯ ಸಸ್ಯೋದ್ಯಾನ ನೋಡಿಕೊಂಡಿದ್ದ ವಿಲಿಯಂ ರಾಕ್ಸ್‌ಬರ್ಗ್ ಕೊಟ್ಟ ಹೆಸರು. ಬಟರ್‌ಕಪ್ ಹೂವಿನ ಕುಟುಂಬಕ್ಕೆ ಸೇರಿದ್ದು. ಅಡುಗೆಮನೆಯ ಕೃಷ್ಣಜೀರಿಗೆಯೂ ಇದರ ದಾಯಾದಿ, ಹಿಮಾಲಯದ ಘೋರ ವಿಷ ವತ್ಸನಾಭವೂ ದಾಯಾದಿ.

ಮಳೆಗಾಲ ಹಿಂದೆ ಸರಿದ ಮೇಲೆ ಗೊಂಚಲು ಗೊಂಚಲಾಗಿ ಹೂ ಬರುತ್ತದೆ. ಒಂದನ್ನು ಅಂಗೈಯಲ್ಲಿಟ್ಟು ನೋಡಿ: ಉಗುರಗಲದ ಹೂವಿನಲ್ಲಿ ನಾಲ್ಕು ಬಿಳಿ ಎಸಳು, ನಡುವೆ ಕೇಸರಗಳ ಕುಚ್ಚು. ಆ ನಾಲ್ಕೂ ದಳಗಳಲ್ಲ. ಈ ಹೂವಿಗೆ ದಳವೇ ಇಲ್ಲ. ಮೊಗ್ಗನ್ನು ಹೊದ್ದು ಕಾಯ್ದ ಪುಷ್ಪಪತ್ರಗಳೇ ಬಿಳಿಯುಟ್ಟು ದಳದ ಕೆಲಸವನ್ನೂ ಮಾಡುತ್ತವೆ.

ಹತ್ತುವ ಬಗೆಯೂ ಬೇರೆ. ಹಾಗಲದ ಬಳ್ಳಿಗಿರುವಂಥ ಕುಡಿಬಳ್ಳಿ ಇದಕ್ಕಿಲ್ಲ. ಎಲೆಯ ತೊಟ್ಟೇ ಸಿಕ್ಕ ಕಡ್ಡಿಯನ್ನು ಸುತ್ತಿಕೊಳ್ಳುತ್ತದೆ. ಕ್ಲೆಮ್ಯಾಟಿಸ್ ಜಾತಿಗಳ ಈ ತೊಟ್ಟಿನ ಸೂಕ್ಷ್ಮವನ್ನು ಚಾರ್ಲ್ಸ್ ಡಾರ್ವಿನ್ ಕೂತು ಪರೀಕ್ಷಿಸಿದ್ದ. ಹಗುರವಾದ ದಾರದ ಕುಣಿಕೆ ನೇತುಹಾಕಿದರೂ ತೊಟ್ಟು ಬಾಗುವುದನ್ನು ಕಂಡು, 1865ರಲ್ಲಿ ಬಳ್ಳಿಗಳ ಕುರಿತ ತನ್ನ ಪ್ರಬಂಧದಲ್ಲಿ ಬರೆದ.

ನೀವೂ ಮುಟ್ಟಿ ನೋಡಬಹುದು, ಹಾಗೆಂದು ಬಳ್ಳಿಯನ್ನು ಹಸಿಯಾಗಿ ಹೊಸಕಬೇಡಿ. ಜಜ್ಜಿದ ಎಲೆಯಲ್ಲಿ ಪ್ರೊಟೊಅನೆಮೊನಿನ್ ಎಂಬ ಉರಿರಸ ಹುಟ್ಟುತ್ತದೆ. ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳಬಹುದು. ಒಣಗಿದಂತೆ ಅದರ ಕಟುತನ ಇಳಿಯುತ್ತದೆ. ಯುರೋಪಿನ ಭಿಕ್ಷುಕರು ಕರುಣೆ ಗಿಟ್ಟಿಸಲು ಇದರ ಸೋದರಿ ಬಳ್ಳಿಯ ರಸ ತಿಕ್ಕಿ ಹುಣ್ಣು ಮಾಡಿಕೊಳ್ಳುತ್ತಿದ್ದರಂತೆ. ಫ್ರೆಂಚರು ಅದನ್ನು ಭಿಕ್ಷುಕರ ಗಿಡ ಎಂದೇ ಕರೆದರು.

ಬೇಲಿಯ ನರೆ ಬರುವುದು ಹೂವು ಉದುರಿದ ಮೇಲೆ. ಎಳ್ಳಿನಷ್ಟು ಪುಟ್ಟ ಕಾಯಿ. ಅದರ ತುದಿಯ ಶಲಾಕೆ ಬಾಡಿ ಬೀಳುವ ಬದಲು ಬೆಳೆಯುತ್ತ ಹೋಗಿ, ರೇಷ್ಮೆಗೂದಲಿನ ಉದ್ದ ಬಾಲವಾಗುತ್ತದೆ. ಗಾಳಿ ಬೀಸಿತೆಂದರೆ ಒಂದೊಂದೇ ಕಾಯಿ ಬಾಲ ಬಿಚ್ಚಿ ಕಣಿವೆಗೆ ಹೊರಡುತ್ತದೆ. ಇದೇ ಗಿರಿಗೆ ಬಾಬಾಬುಡನ್ ಯೆಮನ್‌ನಿಂದ ಏಳು ಕಾಫಿ ಬೀಜ ತಂದರೆಂಬುದು ಪ್ರತೀತಿ. ಕಾಫಿಗೆ ಹೊತ್ತು ತರುವ ಕೈ ಬೇಕಾಯಿತು, ಈ ಬಳ್ಳಿಗೆ ಗಾಳಿಯೇ ಸಾಕು.

ಒಂದೇ ಅಡ್ಡಿ, ಕತ್ತಿ. ತೋಟದವರು ಬೇಲಿ ಸವರುವಾಗ ಇದೂ ಮೆಳೆಯ ಜೊತೆ ಹೋಗುತ್ತದೆ. ಸವರಲೇಬೇಕಿದ್ದರೆ ನರೆ ಹಾರಿಹೋಗುವವರೆಗೆ ಕಾಯ್ದರಾಯಿತು.